ಎಂಟನೆಯ ತಾಯಿ

ನನ್ನ ಸಹಪಾಠಿಯೊಬ್ಬನ ಗ್ರಂಥಕ್ಕೆ ಮುನ್ನುಡಿಯನ್ನು ಬರೆದುಕೊಡುವೆನೆಂದು ನಾನು ಮಾತು ಕೊಟ್ಟುದು ಕಳೆದ ವರ್ಷದ ಚೈತ್ರದಲ್ಲಿ. ಅದನ್ನು ಬರೆದು ಮುಗಿಸಿದುದು ಈ ವರ್ಷದ ಜ್ಯೇಷ್ಠದಲ್ಲಿ. ಮುನ್ನುಡಿಯಾದರೋ ಆರೇ ಪುಟದ್ದು. ನಡುವಣ ಹದಿನಾಲ್ಕು ತಿಂಗಳುಗಳಲ್ಲಿ ಏನು ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದರೆ, ಬರೆಯದೆ ಇದ್ದೆನು ಎಂದೇ ಉತ್ತರ ಕೊಡಬೇಕಾಗುವುದು. ಬರೆಯದೆ ಇರುವುದೂ ಒಂದು ಕೆಲಸವೆ ಎಂದು ವಾಚಕರು ನಗಬಹುದು. ಪ್ರತಿದಿನವೂ ಸ್ನಾನಸಂಧ್ಯೆಗಳನ್ನು ಮುಗಿಸಿ ಮೇಜಿನ ಮುಂದೆ ಕುಳಿತು, ಊಟದ ಹೊತ್ತಿಗೆ ಬರಿಯ ಹಾಳೆಯನ್ನು ಮಡಿಸಿಟ್ಟು ಏಳುವವನ ಬಳಲಿಕೆಯನ್ನು ಅನುಭವಿಸಿದವರು ನಗಲಾರರು. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿ ಸಾಯಂಕಾಲ ಮನೆಗೆ ಬಂದಾಗಲೂ ನನಗೆ ಅಷ್ಟು ಆಯಾಸವಾಗುತ್ತಿರಲಿಲ್ಲ.

ನಾನೇನೂ ಲೇಖನಿಗೆ ಹೊಸಬನಲ್ಲ. ಈ ಪತ್ರಿಕೆಯ ಸಂಪಾದಕರು ಪುಟಗಳು ತುಂಬದೆ ಹೋದಾಗ ನನ್ನನ್ನು ಸ್ಮರಿಸುವುದುಂಟು. ನಾಳಿದ್ದಿಗೆ ಬೇಕೆಂದು ಅವರು ಕೇಳಿದುದನ್ನು ನಾಳೆಯೇ ಕೊಟ್ಟು ಕಳುಹಿಸಿದುದೂ ಉಂಟು. ಆದುದರಿಂದ ಮೊದಲ ಹದಿನೈದು ದಿನ ನಾನು ಈ ಸಂಗತಿಯನ್ನು ಗಣನೆಗೆ ತಂದುಕೊಳ್ಳಲಿಲ್ಲ. ಅನಂತರ ಲೇಖನಿಯ ಮೇಲೆ ದೋಷವನ್ನು ಹೊರಿಸಿ ಬೇರೆ ಲೇಖನಿಯನ್ನು ಕೊಂಡೆನು. ಅದೂ ಬರೆಯಲಿಲ್ಲವಾಗಿ, ಕಿಟಕಿಯ ಬಿಸಿಲನ್ನು ದೂಷಿಸಿ ಮೇಜನ್ನು ನಡುಮನೆಗೆ ಸಾಗಿಸಿದೆನು; ನಡುಮನೆಯಲ್ಲಿ ಮಾತು ಹೆಚ್ಚೆಂದು ಪುನಃ ಕಿಟಕಿಯ ಬಳಿಗೆ ತಂದೆನು. ಪುಸ್ತಕದ ಕಪಾಟನ್ನು ಎರಡು ಸಲ ಜೋಡಿಸಿದೆನು. ಹಾಳೆಯ ತಲೆಯಲ್ಲಿ ಶ್ರೀಕಾರವನ್ನೂ ಅದರ ಕೆಳಗೆ ತಿಥಿಯನ್ನೂ ಬರೆದು, ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಕೈ ನಿಂತುಹೋಗುತ್ತಿದ್ದಿತು. ಅಪ್ಪಿತಪ್ಪಿ ಒಂದು ವಾಕ್ಯ ಹುಟ್ಟಿದರೆ ಅದು ಸನ್ಮಾನಪತ್ರದ ವಾಕ್ಯವಾಗಿರುತ್ತಿದ್ದಿತು: ಪ್ರಾತಃಸ್ಮರಣೀಯರು, ಸರಳ ಸಜ್ಜನಿಕೆಯ ಮೂರ್ತಿವೆತ್ತವರು, ಇತ್ಯಾದಿ. ಏಳು ವರ್ಷ ನನ್ನೊಡನೆ ಒಂದೇ ಚಾಪೆಯ ಮೇಲೆ ಮಲಗಿ, ನನ್ನ ಪಾಲಿನ ಹಪ್ಪಳವನ್ನು ಕದ್ದು ತಿಂದವನನ್ನು ಹಾಗೆ ಕರೆದರೆ ಆತನೇ ಎದ್ದು ಬಂದು ನಕ್ಕಾನು. ಹೊಡೆದುಹಾಕುತ್ತಿದ್ದೆನು. ಏಳು ವರ್ಷದ ಮೊಮ್ಮಗನು ಬಂದು, "ತಾತಾ, ಹೋಂವರ್ಕ್ ಆಯ್ತಾ?" ಎಂದು ಕೇಳಿದಾಗ, ನನ್ನ ವಿದ್ಯಾರ್ಥಿಗಳು ಇಷ್ಟು ವರ್ಷ ನನಗೆ ಹೇಳಿದ್ದ ನೆಪಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು.

ಇನ್ನು ಆ ಸಹಪಾಠಿಯ ವಿಚಾರ. ಮಠದ ಪಾಠಶಾಲೆಯಲ್ಲಿ ನಾವಿಬ್ಬರೂ ಸಾಹಿತ್ಯದ ವಿದ್ಯಾರ್ಥಿಗಳಾಗಿದ್ದೆವು. ಆತನು ನನಗಿಂತ ಎರಡು ವರ್ಷ ಹಿರಿಯ. ವಿದ್ಯಾಭ್ಯಾಸ ಮುಗಿದ ಮೇಲೆ ನಾನು ಪೇಟೆಯ ಶಾಲೆಗೆ ಸೇರಿದೆನು. ಆತನು ತನ್ನ ಹಳ್ಳಿಗೆ ಹಿಂದಿರುಗಿ, ತಂದೆಯ ಪೌರೋಹಿತ್ಯವನ್ನೂ ಎರಡೆಕರೆ ಅಡಕೆಯ ತೋಟವನ್ನೂ ನೋಡಿಕೊಂಡಿದ್ದನು. ವಾಲ್ಮೀಕಿಯ ಸುಂದರಕಾಂಡದ ಅರುವತ್ತೆಂಟು ಸರ್ಗಗಳನ್ನೂ ಆತನು ಕನ್ನಡ ಗದ್ಯಕ್ಕೆ ತಂದಿರುವನೆಂಬುದು, 2022ರಲ್ಲಿ ಆತನು ತೀರಿಕೊಂಡ ಮೇಲೆ ಮಗನು ಐದು ಹೊತ್ತಗೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಮನೆಗೆ ಬರುವವರೆಗೂ ನನಗೆ ತಿಳಿದಿರಲಿಲ್ಲ. ಅಚ್ಚು ಹಾಕಿಸಬೇಕು, ಮುನ್ನುಡಿಯನ್ನು ನಾನೇ ಬರೆಯಬೇಕು, ಇದು ತಾಯಿಯ ಇಚ್ಛೆ ಎಂದು ಮಗನು ಹೇಳಿದನು. ಆ ತಾಯಿಗೆ ಹೃದ್ರೋಗವುಂಟು. ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬ ಆಸೆಯನ್ನು ಅವರು ಬಾಯಿಬಿಟ್ಟು ಹೇಳಿರಲಿಲ್ಲವಾದರೂ ಮಗನ ಮುಖದಲ್ಲಿ ಅದು ಬರೆದಿದ್ದಿತು.

ಹೀಗಿರಲು ಕಾಲವೊಂದೇ ಓಡುತ್ತಿದ್ದಿತು. ಇಂಗ್ಲಿಷಿನಲ್ಲಿ ಈ ವ್ಯಾಧಿಗೆ 'ರೈಟರ್ಸ್ ಬ್ಲಾಕ್' ಎಂದು ಹೆಸರು. ವಿಯೆನ್ನಾದಿಂದ ಅಮೆರಿಕೆಗೆ ಹೋಗಿ ನೆಲಸಿದ ಎಡ್ಮಂಡ್ ಬರ್ಗ್ಲರ್ ಎಂಬ ಮನೋವೈದ್ಯನು 1940ರ ದಶಕದಲ್ಲಿ ಈ ಹೆಸರನ್ನು ಪ್ರಚಾರಕ್ಕೆ ತಂದನೆಂದು ಹೇಳುವರು. ಹೆಸರಿಟ್ಟ ಮಾತ್ರಕ್ಕೆ ರೋಗವು ಹೋಗುವುದಾದರೆ ನಮ್ಮ ಪಂಡಿತರಷ್ಟು ಆರೋಗ್ಯವಂತರು ಯಾರೂ ಇರುತ್ತಿರಲಿಲ್ಲ. ನಾನು ನಮ್ಮವರನ್ನೇ ಕೇಳೋಣವೆಂದು ಹೊರಟೆನು. ಮೊದಲು ನೆನಪಾದುದು ಗದುಗು. ಹಿಂದೊಮ್ಮೆ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆನು. ವೀರನಾರಾಯಣನ ದೇವಾಲಯದಲ್ಲಿ ಕುಮಾರವ್ಯಾಸನು ಒರಗಿ ಕುಳಿತು ಬರೆದನೆನ್ನುವ ಕಂಬವನ್ನು ಈಗಲೂ ತೋರಿಸುತ್ತಾರೆ. ಮಿಂದು ಒದ್ದೆಯ ಬಟ್ಟೆಯಲ್ಲಿಯೇ ಬಂದು ಆತನು ಅಲ್ಲಿ ಕೂಡುತ್ತಿದ್ದನಂತೆ, ಬಟ್ಟೆಯು ಆರುವವರೆಗೆ ಕಾವ್ಯವು ಹರಿಯುತ್ತಿದ್ದಿತಂತೆ, ಆರಿದೊಡನೆ ನಿಲ್ಲುತ್ತಿದ್ದಿತಂತೆ. ಗದುಗಿನ ಬೇಸಗೆಯಲ್ಲಿ ಒದ್ದೆಯ ಬಟ್ಟೆ ಎಷ್ಟು ಹೊತ್ತು ಒದ್ದೆಯಾಗಿದ್ದೀತು! ಅಷ್ಟರಲ್ಲಿಯೇ ಹತ್ತು ಪರ್ವಗಳಾದವು. ಅಂದು ಈ ಕಥೆಯನ್ನು ಮಹಿಮೆಯ ಕಥೆಯೆಂದು ಮಕ್ಕಳಿಗೆ ಹೇಳಿದ್ದೆನು. ಈಗ ನನಗೆ ಅದರಲ್ಲಿ ಭಯದ ಅಂಶವೇ ಹೆಚ್ಚಾಗಿ ಕಾಣಿಸುತ್ತಿದೆ. ಬಟ್ಟೆ ಆರಿದ ಮೇಲೆ ಉಳಿದ ಹಗಲನ್ನೆಲ್ಲ ಆ ಮಹಾಕವಿಯು ಹೇಗೆ ಕಳೆಯುತ್ತಿದ್ದನು? ನಾಳೆ ಮತ್ತೆ ಬರುವುದೆಂಬ ಭರವಸೆ ಎಲ್ಲಿಂದ ಬರುತ್ತಿದ್ದಿತು? ಹಲಗೆಬಳಪಗಳನ್ನು ಮುಟ್ಟದೆ, ಬರೆದುದನ್ನು ಅಳಿಸದೆ ಬರೆದವನೆಂದು ಆತನು ಹೇಳಿಕೊಂಡಿದ್ದಾನೆ. ಬಳಪದಿಂದಲೇ ಹೊಟ್ಟೆ ಹೊರೆದ ನನ್ನಂಥವನಿಗೆ ಆ ದಾರಿಯಲ್ಲಿ ಪ್ರವೇಶವಿಲ್ಲ.

ಭಗವಾನ್ ವ್ಯಾಸರ ವೃತ್ತಾಂತ ಇದಕ್ಕಿಂತ ಹತ್ತಿರದ್ದೆಂದು ತೋರಿತು. ನಿಲ್ಲಿಸದೆ ಹೇಳುವುದಾದರೆ ಮಾತ್ರ ಬರೆಯುವೆನೆಂದು ಗಣಪತಿಯು ಹೇಳಿದುದೂ, ಅರ್ಥ ತಿಳಿಯದೆ ಬರೆಯಕೂಡದೆಂದು ವ್ಯಾಸರು ಮಾರುತ್ತರ ಕೊಟ್ಟುದೂ, ನಡುನಡುವೆ ಬಿಡಿಸಲಾರದ ಗಂಟಿನಂತಹ ಶ್ಲೋಕಗಳನ್ನು ಇಟ್ಟು, ಆತನು ಯೋಚಿಸುತ್ತಿರುವಷ್ಟರಲ್ಲಿ ಮುಂದಿನವನ್ನು ರಚಿಸಿಕೊಂಡುದೂ ಎಲ್ಲರೂ ಬಲ್ಲ ಕಥೆ. ಪುಣೆಯ ಭಂಡಾರಕರ ಸಂಸ್ಥೆಯ ಸಂಶೋಧಿತ ಆದಿಪರ್ವದಲ್ಲಿ (1933) ಈ ಭಾಗವು ಮೂಲದಿಂದ ಅನುಬಂಧಕ್ಕೆ ಇಳಿದಿದೆ. ಇಳಿಯಲಿ. ಈ ಕಥೆಯನ್ನು ಯಾರು ಸೇರಿಸಿದ್ದರೂ ಅವನು ಬರೆಯುವ ಕಷ್ಟವನ್ನು ಬಲ್ಲವನು. ಮಹರ್ಷಿಗೂ ಉಸಿರಾಡಲು ಸ್ವಲ್ಪ ಹೊತ್ತು ಬೇಕೆಂದು ಅವನಿಗೆ ತಿಳಿದಿದ್ದಿತು.

ಆದರೆ ನನಗೆ ನಿಜವಾಗಿ ಸಂಗಾತಿಯಾದವನು ರಾಜಶೇಖರ. ಕನ್ಯಾಕುಬ್ಜದ ಪ್ರತಿಹಾರ ದೊರೆ ಮಹೇಂದ್ರಪಾಲನ ಆಶ್ರಯದಲ್ಲಿ, ಸುಮಾರು ಸಾವಿರದ ನೂರು ವರ್ಷಗಳ ಹಿಂದೆ ಇದ್ದವನು. ಆತನ ಕಾವ್ಯಮೀಮಾಂಸೆಯು 1916ರಲ್ಲಿ ಬರೋಡೆಯ ಗಾಯಕವಾಡ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಅಚ್ಚಾಯಿತು. ನಮ್ಮ ಪಾಠಕ್ರಮದಲ್ಲಿ ಇದು ಇರಲಿಲ್ಲ. ಮಮ್ಮಟನನ್ನು ಓದಿದವನಿಗೆ ಇದು ಬೇಕಿಲ್ಲವೆಂದು ಗುರುಗಳ ಮತ. ಶಕ್ತಿ, ನಿಪುಣತೆ, ಅಭ್ಯಾಸ ಎಂದು ಮಮ್ಮಟನು ಮೂರು ಮಾತಿನಲ್ಲಿ ಮುಗಿಸಿಬಿಡುತ್ತಾನೆ. ಶಕ್ತಿಯಿದ್ದೂ ಮಂಗಳವಾರ ಬೆಳಗ್ಗೆ ಬರೆಯಲಾಗದೆ ಹೋದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ರಾಜಶೇಖರನಾದರೋ ತನ್ನ ಹತ್ತನೆಯ ಅಧ್ಯಾಯದಲ್ಲಿ ಕವಿಯ ಮನೆಯ ಒಳಕ್ಕೇ ಬಂದುಬಿಡುತ್ತಾನೆ. ಪೆಟ್ಟಿಗೆ ಎಲ್ಲಿರಬೇಕು, ಹಲಗೆ ಬಳಪ ಮಸಿಕುಡಿಕೆ ತಾಳೆಗರಿ ಕಂಟಗಳು ಹೇಗೆ ಕೈಗೆಟುಕುವಂತಿರಬೇಕು ಎಂದು ಗೃಹಿಣಿಯು ಅಡಿಗೆಮನೆಯನ್ನು ಅಣಿಮಾಡುವಂತೆ ಹೇಳುತ್ತಾನೆ.

ಅಲ್ಲಿ ಆತನು ಬರೆಯುವ ಸಮಯವನ್ನು ಹಿಡಿದು ಕವಿಗಳನ್ನು ನಾಲ್ಕು ಬಗೆಯಾಗಿ ಎಣಿಸುತ್ತಾನೆ. ಸೂರ್ಯನನ್ನೂ ಕಾಣದಂತೆ ಒಳಮನೆಯಲ್ಲಿ ಕುಳಿತು ನಿಷ್ಠೆಯಿಂದ ಬರೆಯುವವನು ಅಸೂರ್ಯಂಪಶ್ಯ. ಅಷ್ಟು ನಿಷ್ಠೆಯಿಲ್ಲದೆ, ಕಾವ್ಯಕ್ಕೆಂದು ಕುಳಿತು ಬರೆಯುವವನು ನಿಷಣ್ಣ. ಸೇವಾದಿಗಳಿಗೆ ಭಂಗ ಬರದಂತೆ ಬಿಡುವಾದಾಗ ಬರೆಯುವವನು ದತ್ತಾವಸರ. ಯಾವುದೋ ಸಂದರ್ಭಕ್ಕೆಂದು ಬರೆಯುವವನು ಪ್ರಾಯೋಜನಿಕ. ಇದನ್ನು ಓದಿದಾಗ ನನ್ನ ಜೀವಿತವೆಲ್ಲ ಬೆಳಕಿಗೆ ಬಂದಂತಾಯಿತು. ನಾನು ಮೂವತ್ತನಾಲ್ಕು ವರ್ಷವೂ ದತ್ತಾವಸರನಾಗಿದ್ದೆನು. ಎರಡು ಗಂಟೆಗಳ ಬಾರಿಸುವಿಕೆಯ ನಡುವೆ, ಪರೀಕ್ಷೆಯ ಕೊಠಡಿಯಲ್ಲಿ ಕಾವಲು ನಿಂತಿರುವಾಗ ನನ್ನ ಬರೆವಣಿಗೆ ಸಾಗುತ್ತಿದ್ದಿತು. ಅಂತಹ ಕವಿಗೆ ಒದಗುವ ಹೊತ್ತುಗಳನ್ನೂ ರಾಜಶೇಖರನು ಹೇಳಿದ್ದಾನೆ: ರಾತ್ರಿಯ ಕಡೆಯ ಜಾವ, ಊಟವಾದ ಮೇಲಣ ನೆಮ್ಮದಿಯ ಗಳಿಗೆ, ಪಲ್ಲಕ್ಕಿಯ ಪ್ರಯಾಣ. ಪಲ್ಲಕ್ಕಿಯ ಸ್ಥಾನದಲ್ಲಿ ಸರಕಾರಿ ಬಸ್ಸನ್ನು ಇಟ್ಟರೆ ನನ್ನ ಪ್ರಬಂಧಗಳಲ್ಲಿ ಅರ್ಧದ ಜಾತಕವು ಸಿಕ್ಕಿಬಿಡುವುದು. ನಿವೃತ್ತನಾದೊಡನೆ ನನಗೆ ನಿಷಣ್ಣನ ಪದವಿ ಬಂದಿತು, ಮೇಜೂ ಸಿಕ್ಕಿತು, ಹಗಲೆಲ್ಲವೂ ಸಿಕ್ಕಿತು, ಬರೆವಣಿಗೆ ಹೊರಟುಹೋಯಿತು.

ಇದರ ಅನಂತರ ಆತನು ಕವಿಯ ದಿನಚರಿಯನ್ನು ಹೇಳುತ್ತಾನೆ. ಹಗಲಿನ ಮೊದಲನೆಯ ಪ್ರಹರದಲ್ಲಿ ಶಾಸ್ತ್ರಾಭ್ಯಾಸ, ಎರಡನೆಯದರಲ್ಲಿ ಕಾವ್ಯರಚನೆ, ಮಧ್ಯಾಹ್ನದ ಸ್ನಾನಭೋಜನಗಳ ತರುವಾಯ ಕಾವ್ಯಗೋಷ್ಠಿ, ನಾಲ್ಕನೆಯ ಪ್ರಹರದಲ್ಲಿ ಬೆಳಗ್ಗೆ ರಚಿಸಿದುದರ ಪರೀಕ್ಷೆ. ರಸಾವೇಶದಲ್ಲಿ ಬರೆಯುತ್ತಿರುವವನಿಗೆ ಆಗಲೇ ಗುಣದೋಷಗಳನ್ನು ಆರಿಸುವ ಕಣ್ಣು ಇರುವುದಿಲ್ಲ, ಆದುದರಿಂದ ಪರೀಕ್ಷೆಗೆ ಬೇರೆ ಹೊತ್ತು ಎಂಬುದು ಆತನ ವಾದ. ನಾನು ಅನುಭವದಿಂದ ಇನ್ನೊಂದನ್ನು ಸೇರಿಸುತ್ತೇನೆ: ಆರಿಸುವ ಕಣ್ಣು ತೆರೆದಿದ್ದರೆ ಬರೆಯುವ ಕೈ ಏಳುವುದಿಲ್ಲ. ನನ್ನಲ್ಲಿ ಎರಡನೆಯ ಪ್ರಹರದ ಕೆಲಸವೂ ನಾಲ್ಕನೆಯ ಪ್ರಹರದ ಕೆಲಸವೂ ಒಂದೇ ಗಳಿಗೆಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡಿದ್ದವು. ಕರ್ತೃಪದವನ್ನು ಬರೆಯುವಷ್ಟರಲ್ಲಿ ಒಳಗಿನ ಉಪಾಧ್ಯಾಯನು ಕೆಂಪು ಶಾಯಿಯನ್ನು ಹಿಡಿದು ನಿಂತಿರುತ್ತಿದ್ದನು. ಕ್ರಿಯಾಪದಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಅದೇ ಅಧ್ಯಾಯದಲ್ಲಿ ಪ್ರಬಂಧಗಳು ಏತರಿಂದ ನಾಶವಾಗುವುವು ಎಂಬುದಕ್ಕೂ ಪಟ್ಟಿಯಿದೆ: ಒತ್ತೆಯಿಡುವುದು, ಮಾರುವುದು, ದೇಶತ್ಯಾಗ, ಅಲ್ಪಾಯುಸ್ಸು, ಬೆಂಕಿ, ನೀರು. ಇವೆಲ್ಲವೂ ಸಹಜವೇ. ಅದರೊಡನೆ, ಮುಂದೆ ಮುಗಿಸುವೆನು, ಮುಂದೆ ತಿದ್ದುವೆನು, ಗೆಳೆಯರೊಡನೆ ಕೂಡಿ ವಿವೇಚಿಸುವೆನು ಎಂಬ ಕರ್ತೃವಿನ ತೊಳಲಾಟವನ್ನೂ ಆತನು ಸೇರಿಸುತ್ತಾನೆ. ಸೇರಿಸಿ, ಅದರ ಪಕ್ಕದಲ್ಲಿಯೇ ರಾಷ್ಟ್ರವಿಪ್ಲವವನ್ನು ಇಡುತ್ತಾನೆ. ದಂಡು ಬಂದು ಊರನ್ನು ಸುಡುವುದೂ ನಾಳೆ ಬರೆಯುವೆನೆನ್ನುವುದೂ ಗ್ರಂಥದ ಪಾಲಿಗೆ ಒಂದೇ! ಇದನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು.

ಕವಿತ್ವಕ್ಕೆ ಎಂಟು ಮಂದಿ ತಾಯಂದಿರೆಂದೂ ಆತನು ಹೇಳುವುದುಂಟು: ಸ್ವಾಸ್ಥ್ಯ, ಪ್ರತಿಭೆ, ಅಭ್ಯಾಸ, ಭಕ್ತಿ, ವಿದ್ವಾಂಸರೊಡನೆ ಮಾತು, ಬಹುಶ್ರುತತೆ, ದೃಢವಾದ ಸ್ಮೃತಿ, ಕಡೆಯದಾಗಿ ಅನಿರ್ವೇದ. ಮೊದಲ ಏಳು ಮಂದಿಯ ಮನೆಯಲ್ಲಿ ನಾನು ಸ್ವಲ್ಪ ಸ್ವಲ್ಪ ಉಂಡಿದ್ದೇನೆ. ಎಂಟನೆಯವಳ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಿರ್ವೇದವೆಂಬುದು ಭರತಮುನಿಯು ಎಣಿಸಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಮೊದಲನೆಯದು. ತರಗತಿಯಲ್ಲಿ ಅದರ ಲಕ್ಷಣವನ್ನು ಎಷ್ಟೋ ಸಲ ಹೇಳಿದ್ದೆನು. ಕೈಸೋತು, ತನ್ನನ್ನೇ ತಾನು ಹಳಿದುಕೊಂಡು ಕೂಡುವ ಸ್ಥಿತಿ ಅದು. ಅದು ಇಲ್ಲದಿರುವುದೇ ತಾಯಿಯಾದೀತೆ? ಇಲ್ಲದಿರುವುದನ್ನು ತಂದುಕೊಳ್ಳುವುದಾದರೂ ಎಲ್ಲಿಂದ?

ಒಂದು ಸಂಗತಿಯನ್ನು ನಾನು ಇಷ್ಟು ಹೊತ್ತೂ ವಾಚಕರಿಂದ ಮರೆಮಾಡಿದೆನು. ಆ ಹದಿನಾಲ್ಕು ತಿಂಗಳಲ್ಲಿ ಹೆಚ್ಚಿನ ಭಾಗ ನನ್ನಿಂದಲೇ ಅದನ್ನು ಮರೆಮಾಡಿಕೊಂಡಿದ್ದೆನಾದುದರಿಂದ ಕ್ಷಮಿಸಬೇಕು. ಮಗನು ತಂದ ಐದು ಹೊತ್ತಗೆಗಳಲ್ಲಿ ಮೊದಲನೆಯದನ್ನು ಬಿಚ್ಚಿದೊಡನೆ ನನ್ನ ಕಣ್ಣಿಗೆ ಬಿದ್ದುದು ಕೆಂಪು ಶಾಯಿ. ಆ ಕೈಬರೆಹ ನನ್ನದು. ಆಗ ನೆನಪಾಯಿತು. 1994ರ ಮಾಘದಲ್ಲಿ ಒಂದು ಸಂಜೆ ಆತನು ನನ್ನ ಮನೆಗೆ ಬಂದು, ಒಂಬತ್ತು ಸರ್ಗಗಳನ್ನು ಮಾಡಿದ್ದೇನೆ, ನೋಡು ಎಂದು ಆ ಹೊತ್ತಗೆಯನ್ನು ಕೊಟ್ಟುಹೋಗಿದ್ದನು. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿ ಆಗ ನನ್ನ ಮೇಜಿನ ಮೇಲಿದ್ದಿತು. ಅವುಗಳ ನಡುವೆ ಅದನ್ನೂ ತಿದ್ದಿದೆನು. ಲಂಕೆಯನ್ನು ಹೊಗುವಾಗ ಹನುಮಂತನು ತನ್ನ ದೇಹವನ್ನು ಕುಗ್ಗಿಸಿಕೊಳ್ಳುವೆಡೆಯಲ್ಲಿ ಮೂಲದಲ್ಲಿ 'ವೃಷದಂಶಕ' ಎಂಬ ಮಾತಿದೆ. ಇಲಿಯನ್ನು ಕಚ್ಚುವುದು ಎಂದು ಅರ್ಥ. ಅಮರಸಿಂಹನು ಬೆಕ್ಕಿನ ಹೆಸರುಗಳಲ್ಲಿ ಇದನ್ನು ಎಣಿಸಿದ್ದಾನೆ. ಆತನು 'ಬೆಕ್ಕಿನಷ್ಟಾದನು' ಎಂದು ಬರೆದಿದ್ದನು. ನಾನು ಅದನ್ನು ಹೊಡೆದು 'ಮಾರ್ಜಾರಪ್ರಮಾಣನಾದನು' ಎಂದು ಮಾಡಿದ್ದೆನು. ಮಹೇಂದ್ರಪರ್ವತವನ್ನು ಮೆಟ್ಟಿದಾಗ 'ಬೆಟ್ಟ ನೀರು ಕಾರಿತು' ಎಂದಿದ್ದುದನ್ನು 'ಪರ್ವತವು ಜಲಧಾರೆಗಳನ್ನು ಹೊರಸೂಸಿತು' ಎಂದು ಮಾಡಿದ್ದೆನು. 'ಬಾಲ' ಎಂದಿದ್ದಲ್ಲೆಲ್ಲ ಲಾಂಗೂಲ. ಕಡೆಯಲ್ಲಿ, 'ಭಾಷೆಯು ಗ್ರಾಮ್ಯ. ಇನ್ನೂ ಪರಿಶ್ರಮ ಅಗತ್ಯ' ಎಂದು ಷರಾ ಬರೆದು, ಹವ್ಯಾಸಬಲದಿಂದ ರುಜುವನ್ನೂ ಹಾಕಿದ್ದೆನು.

ಹೊತ್ತಗೆಯನ್ನು ತೆಗೆದುಕೊಂಡು ಹೋದಮೇಲೆ ಆತನು ಆ ವಿಷಯವನ್ನು ಎತ್ತಲಿಲ್ಲ. ಮದುವೆ ಮುಂಜಿಗಳಲ್ಲಿ ಎಷ್ಟೋ ಸಲ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡೆವು, ನಾನೂ ಕೇಳಲಿಲ್ಲ. ಆತನು ಪ್ರತಿ ಸರ್ಗದ ಮೇಲೂ ಪಂಚಾಂಗದ ಕ್ರಮದಲ್ಲಿ ಸಂವತ್ಸರ ಮಾಸ ತಿಥಿಗಳನ್ನು ಹಾಕಿದ್ದನು. ಒಂಬತ್ತನೆಯ ಸರ್ಗದ ಮೇಲೆ ಶ್ರೀಮುಖ ಸಂವತ್ಸರದ ಪುಷ್ಯ. ಹತ್ತನೆಯದರ ಮೇಲೆ ಸರ್ವಜಿತ್ತು ಸಂವತ್ಸರದ ಶ್ರಾವಣ. ಬೆರಳಿನಲ್ಲಿ ಎಣಿಸಿದೆನು. ಹದಿಮೂರು ವರ್ಷ ದಾಟಿದ್ದಿತು. ಹೊತ್ತಗೆಯನ್ನು ಮುಚ್ಚಿ, ಬಟ್ಟೆಯಲ್ಲಿ ಸುತ್ತಿ, ಲೇಖನಿಯು ಸರಿಯಿಲ್ಲವೆಂದು ಹೊಸ ಲೇಖನಿಯನ್ನು ತರಲು ಅಂಗಡಿಗೆ ಹೋದೆನು.

ಈ ವರ್ಷದ ಮಾಘದಲ್ಲಿ, ನನ್ನಿಂದಾಗದು, ಬೇರೆ ಯಾರನ್ನಾದರೂ ಕೇಳಿ ಎಂದು ಹೇಳುವ ನಿಶ್ಚಯದಿಂದ ಐದು ಹೊತ್ತಗೆಗಳನ್ನೂ ಚೀಲದಲ್ಲಿಟ್ಟುಕೊಂಡು ಆತನ ಹಳ್ಳಿಗೆ ಹೋದೆನು. ಆತನು ಹಿರಿಯನಾದುದರಿಂದ ಆತನ ಪತ್ನಿಯನ್ನು ನಾನು ಅತ್ತಿಗೆಯೆಂದೇ ಕರೆಯುವುದು. ಅವರು ಜಗಲಿಯಲ್ಲಿ ಅಡಕೆ ಆರಿಸುತ್ತಿದ್ದರು. ಕಾಫಿಯಾಯಿತು. ಹೇಳಬೇಕಾದ ಮಾತನ್ನು ಬಿಟ್ಟು ಬೇರೊಂದು ಮಾತು ನನ್ನ ಬಾಯಿಂದ ಬಂದಿತು.

"ಅತ್ತಿಗೇ, ಅವನು ಹತ್ತನೆಯ ಸರ್ಗವನ್ನು ಅಷ್ಟು ವರ್ಷ ಯಾಕೆ ಬರೆಯಲಿಲ್ಲ?"

ಅವರು ಅಡಕೆಯಿಂದ ಕಣ್ಣೆತ್ತಲಿಲ್ಲ. "ನಿಮ್ಮಲ್ಲಿಂದ ತಂದ ದಿನ ಅಟ್ಟಕ್ಕೆ ಹಾಕಿದರು, ಮೇಷ್ಟ್ರೇ. ಯಾಕೆ ಅಂದ್ರೆ, ನನಗೆ ಕನ್ನಡ ಬರೋದಿಲ್ವಂತೆ ಕಣೇ ಅಂದ್ರು. ಕೋಪ ಏನಿರಲಿಲ್ಲ. ಅವನು ಹೇಳಿದ್ದು ಸರಿಯಾಗೇ ಇರುತ್ತೆ ಅಂತಲೂ ಅಂದ್ರು."

ಸರ್ವಜಿತ್ತು ಸಂವತ್ಸರದಲ್ಲಿ, ಎಂದರೆ 2007ರಲ್ಲಿ, ಅವರ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಅದಕ್ಕೆ ಮೊದಲು ಒಂದು ಸಲ ಗರ್ಭ ನಿಂತಿರಲಿಲ್ಲ. ಹಾಸಿಗೆಯಿಂದ ಏಳಕೂಡದೆಂದು ವೈದ್ಯರು ಹೇಳಿದ್ದರು. ಕ್ಷೇಮಕ್ಕಾಗಿ ತಂದೆಯು ಅವಳ ಬಳಿಯಲ್ಲಿ ಸುಂದರಕಾಂಡದ ಪಾರಾಯಣವನ್ನು ಆರಂಭಿಸಿದನು. ಮೂರನೆಯ ದಿನ ಮಗಳು, "ಅಪ್ಪಾ, ಸುಮ್ಮನೆ ಮಲಗಿ ಅರ್ಥ ಆಗದ್ದನ್ನ ಕೇಳಿ ಕೇಳಿ ಇನ್ನೂ ಭಯ ಆಗುತ್ತೆ. ಕನ್ನಡದಲ್ಲಿ ಹೇಳು" ಎಂದಳಂತೆ. ಆ ರಾತ್ರಿ ಆತನು ಅಟ್ಟಕ್ಕೆ ಏಣಿ ಹಾಕಿದನು. ಒಂಬತ್ತು ಸಂಜೆ ಒಂಬತ್ತು ಸರ್ಗಗಳನ್ನು ಓದಿದನು. ಹತ್ತನೆಯ ಸಂಜೆ ಹೊತ್ತಗೆಯಲ್ಲಿ ಏನೂ ಇರಲಿಲ್ಲ. ಸೀತೆ ಸಿಕ್ಕಳೆ ಇಲ್ಲವೆ ಎಂದು ಮಗಳು ಕೇಳಿದಳು. ಕಥೆಯನ್ನು ಅರಿಯದವಳೇನೂ ಅಲ್ಲ, ಆದರೂ ಕೇಳಿದಳು. ಆತನು, ನಾಳೆ ಹೇಳುವೆನೆಂದು ಎದ್ದುಹೋಗಿ ದೀಪದ ಬಳಿ ಬರೆಯಲು ಕುಳಿತನು.

"ಮಗು ಹುಟ್ಟೋ ಹೊತ್ತಿಗೆ ಸೀತಮ್ಮ ಚೂಡಾಮಣಿ ಕೊಟ್ಟಾಗಿತ್ತು" ಎಂದು ಅತ್ತಿಗೆಯವರು ಹೇಳಿದರು. ಅದು ಮೂವತ್ತೆಂಟನೆಯ ಸರ್ಗ. ಅಲ್ಲಿಂದ ಮುಂದಿನ ಮೂವತ್ತು ಸರ್ಗಗಳಿಗೆ ಹನ್ನೆರಡು ವರ್ಷ ಹಿಡಿಯಿತು. ಕೇಳುವವಳು ಗಂಡನ ಮನೆಗೆ ಹೋಗಿದ್ದಳು. ಅವಳು ಬಂದಾಗಲೆಲ್ಲ ನಾಲ್ಕು ಸರ್ಗ ಮುಂದುವರಿಯುತ್ತಿದ್ದಿತಂತೆ. ಕಡೆಯ ಸರ್ಗದ ಮೇಲಿರುವುದು ವಿಕಾರಿ ಸಂವತ್ಸರದ ಕಾರ್ತಿಕ, 2019. ಮುಗಿಸಿದ ಮೇಲೆ ಆತನು, ಅವನು ಓದಿದ ಹೊರತು ಇದನ್ನು ಅಚ್ಚಿಗೆ ಕೊಡಬೇಡಿ ಎಂದು ಹೇಳಿದ್ದನಂತೆ. ಆ 'ಅವನು' ನಾನು.

ಚೀಲವನ್ನು ಬಿಚ್ಚದೆಯೇ ಹಿಂದಿರುಗಿದೆನು. ಮುನ್ನುಡಿಯ ಮಾತನ್ನು ಬದಿಗಿಟ್ಟು, ಅಚ್ಚಿನವರಿಗೆ ಅನುಕೂಲವಾಗಲೆಂದು ಇಡೀ ಗ್ರಂಥವನ್ನು ಶುದ್ಧಪ್ರತಿ ಮಾಡಲು ಆರಂಭಿಸಿದೆನು. ಪಾಠಶಾಲೆಯಲ್ಲಿ ಸಂಥೆ ಹೇಳಿಸಿಕೊಂಡು, ಆಮೇಲೆ ಪ್ರತಿ ಎತ್ತಿ ಬರೆಯುವುದು ನಮಗೆ ಅಭ್ಯಾಸವಾಗಿದ್ದ ಕೆಲಸ. ಅದರಲ್ಲಿ ಸ್ವಂತ ವಾಕ್ಯವನ್ನು ಹುಡುಕುವ ಕಷ್ಟವಿಲ್ಲ. ಕೈ ಮಾತ್ರ ನಡೆಯುತ್ತಿರುವುದು. ಮೊದಲನೆಯ ಹೊತ್ತಗೆಯ ನನ್ನ ತಿದ್ದುಪಾಟುಗಳನ್ನು ಎಣಿಸಿದೆನು: ಇನ್ನೂರ ಹದಿನಾರು. ಅವುಗಳಲ್ಲಿ ಅರುವತ್ತೊಂದರ ಪಕ್ಕದಲ್ಲಿ ಆತನು ಪೆನ್ಸಿಲಿನಿಂದ ಒಂದು ಚುಕ್ಕೆಯನ್ನಿಟ್ಟು ಒಪ್ಪಿಕೊಂಡಿದ್ದನು. ನೋಡಿದರೆ ಆ ಅರುವತ್ತೊಂದೂ ನಿಜವಾದ ತಪ್ಪುಗಳೇ. ಉಳಿದವು ನನ್ನ ರುಚಿ. ಬೆಕ್ಕಿಗೆ ಚುಕ್ಕೆ ಇರಲಿಲ್ಲ. ಇಷ್ಟು ನ್ಯಾಯವಾಗಿ ನಾನು ಯಾವ ಉತ್ತರಪತ್ರಿಕೆಯನ್ನೂ ನೋಡಿರಲಾರೆನು.

ಹನ್ನೆರಡನೆಯ ಸರ್ಗವನ್ನು ಪ್ರತಿಮಾಡುವಾಗ ಎಂಟನೆಯ ತಾಯಿಯು ಎದುರಿಗೆ ಬಂದಳು. ಸೀತೆಯನ್ನು ಕಾಣದೆ ಬಸವಳಿದ ಹನುಮಂತನು ಅಲ್ಲಿ ಅನಿರ್ವೇದವನ್ನೇ ಶ್ರೇಯಸ್ಸಿಗೆ ಮೂಲವೆಂದು ನೆನೆದುಕೊಂಡು ಮತ್ತೆ ಹುಡುಕಲು ಹೊರಡುತ್ತಾನೆ. ಇದನ್ನು ಉಪನ್ಯಾಸಗಳಲ್ಲಿ ಎಲ್ಲರೂ ಹೇಳುವ ರೂಢಿಯಿದೆ, ನಾನೂ ಹೇಳಿದ್ದೇನೆ. ಹೇಳದೆ ಬಿಡುವುದೇನೆಂದರೆ, ಹಾಗೆ ಹೊರಟವನಿಗೆ ಆಗಲೂ ಸೀತೆ ಸಿಕ್ಕುವುದಿಲ್ಲ. ರಾವಣನ ಅಂತಃಪುರದಲ್ಲಿ ನಾಲ್ಕು ಅಂಗುಲ ಜಾಗವನ್ನೂ ಬಿಡದೆ ಹುಡುಕಿ ಬರಿಗೈಯಲ್ಲಿ ನಿಲ್ಲುತ್ತಾನೆ. ಹದಿಮೂರನೆಯ ಸರ್ಗದಲ್ಲಿ ಬರುವ ನಿರಾಶೆ ಮೊದಲಿನದಕ್ಕಿಂತ ಘೋರವಾದುದು. ತಾನು ಹೀಗೆಯೇ ಹಿಂದಿರುಗಿದರೆ ಯಾರು ಯಾರು ಸಾಯುವರು ಎಂದು ರಾಮನಿಂದ ಹಿಡಿದು ಕಿಷ್ಕಿಂಧೆಯವರೆಗೆ ಎಣಿಸುತ್ತಾನೆ. ಬೆಂಕಿಯನ್ನೋ ನೀರನ್ನೋ ಹೊಗುವೆನೆನ್ನುತ್ತಾನೆ. ಸಾವಿನಲ್ಲಿ ದೋಷಗಳೇ ಬಹಳ, ಬದುಕಿದ್ದರೆ ಒಳಿತನ್ನು ಕಂಡೇನು ಎಂದು ಮನಸ್ಸನ್ನು ಹಿಡಿಯುತ್ತಾನೆ. ಆಮೇಲೆ, ಇನ್ನೂ ಹುಡುಕದೆ ಬಿಟ್ಟ ಒಂದು ತೋಪು ಕಣ್ಣಿಗೆ ಬೀಳುತ್ತದೆ.

ಹುಡುಕದೆ ಬಿಟ್ಟ ಜಾಗ ನನ್ನಲ್ಲಿಯೂ ಒಂದಿದ್ದಿತು. ನಾನು ಅದನ್ನು ಮೊದಲ ದಿನವೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆನು. ಆ ಸರ್ಗದ ಪ್ರತಿ ಮುಗಿದ ಮೇಲೆ ಅದೇ ಹಾಳೆಯ ಕೆಳಗೆ, ಶ್ರೀಕಾರವೂ ಇಲ್ಲದೆ, 'ಈ ಗ್ರಂಥವು ಹದಿಮೂರು ವರ್ಷ ನಿಂತುಹೋಗುವಂತೆ ಮಾಡಿದವನು ನಾನು' ಎಂದು ಬರೆದೆನು. ಒಳಗಿನ ಉಪಾಧ್ಯಾಯನು ಆ ವಾಕ್ಯದಲ್ಲಿ ಏನನ್ನೂ ತಿದ್ದಲಿಲ್ಲ. ಗ್ರಂಥದ ಪ್ರತಿಯನ್ನು ಮುಗಿಸಲು ಇನ್ನೂ ಮೂರು ತಿಂಗಳು ಹಿಡಿಯಿತು. ಮುನ್ನುಡಿಯ ಉಳಿದ ಪುಟಗಳು ಎರಡು ಬೆಳಗಿನಲ್ಲಿ ಆದವು. ತಿದ್ದುವ ಕೆಲಸವನ್ನು ರಾಜಶೇಖರನ ಅಪ್ಪಣೆಯಂತೆ ಸಂಜೆಗೆ ಇಟ್ಟುಕೊಂಡೆನು.

ಜ್ಯೇಷ್ಠದಲ್ಲಿ ಅದನ್ನು ಅತ್ತಿಗೆಯವರಿಗೂ ಮಗನಿಗೂ ಓದಿ ಹೇಳಿದೆನು. ಮಗನು ತಲೆ ತಗ್ಗಿಸಿಕೊಂಡು, "ಮುನ್ನುಡಿಯಲ್ಲಿ ಇದೆಲ್ಲ ಬೇಕಾ, ಮೇಷ್ಟ್ರೇ?" ಎಂದನು. ಅತ್ತಿಗೆಯವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ, "ಇರಲಿ ಬಿಡು" ಎಂದರು, ನನ್ನ ಕಡೆ ತಿರುಗಿ, "ಆದ್ರೆ ಹದಿಮೂರು ವರ್ಷವನ್ನೂ ನಿಮ್ಮ ಲೆಕ್ಕಕ್ಕೇ ಬರ್ಕೋಬೇಡಿ. ಅದರಲ್ಲಿ ಮೂರು ವರ್ಷ ನಮ್ಮ ಮಾವನವರು ಹಾಸಿಗೆ ಹಿಡಿದಿದ್ರು. ಆಮೇಲೆ ತೋಟದ ವ್ಯಾಜ್ಯ. ಅವರಿಗೂ ಸೋಮಾರಿತನ ಇರಲಿಲ್ಲ ಅಂತಲ್ಲ. ನಿಮ್ಮ ಪಾಲಿಗೆ ಐದು ವರ್ಷ ಹಾಕ್ಕೊಳ್ಳಿ, ಸಾಕು" ಎಂದರು. ನಾನು ಹದಿಮೂರನ್ನು ತಿದ್ದಲಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ ಅವರಿಗೂ ನನಗೂ ಈಗಲೂ ಭಿನ್ನಾಭಿಪ್ರಾಯವಿದೆ. ಬೆಕ್ಕಿನ ಭಾಗವನ್ನು ಇನ್ನೊಮ್ಮೆ ಓದಿಸಿಕೊಂಡು ನಕ್ಕರು.

ಈಗ ಕರಡಚ್ಚು ಬರುತ್ತಿದೆ. ಅಚ್ಚುಕೂಟದವರು ಒಂದು ಕೆಂಪು ಲೇಖನಿಯನ್ನೂ ಜೊತೆಯಲ್ಲಿ ಕಳುಹಿಸಿದ್ದರು. ಅದನ್ನು ಮೊಮ್ಮಗನಿಗೆ ಕೊಟ್ಟೆನು. ನಿನ್ನೆ ಹದಿನೇಳನೆಯ ಪುಟದವರೆಗೆ ನೋಡಿಯಾಯಿತು. ಬೆಕ್ಕು ತನ್ನ ಜಾಗದಲ್ಲಿಯೇ ಕುಳಿತಿದೆ. ಷಕಾರದ ಕೆಳಗಣ ಒತ್ತು ಮಾತ್ರ ಬಿದ್ದುಹೋಗಿದ್ದಿತು, ಪೆನ್ಸಿಲಿನಿಂದ ಹಾಕಿದ್ದೇನೆ.